ತೊಂಬತ್ತೆಂಟು ಸಾವಿರಕ್ಕೆ ನಿಂತ ಮೀಟರು

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೂವತ್ತರ ಹತ್ತಿರ ಬಂದ ಮೇಲೆ, ನಮ್ಮೂರ ಶಾಲೆಯ ಜಗುಲಿಯಲ್ಲಿ ಸಂಜೆ ಹೊತ್ತು ನಡೆಯುತ್ತಿದ್ದ ದೊಡ್ಡವರ ತರಗತಿಯಲ್ಲಿ. ಈಗಲೂ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಒತ್ತು ತಪ್ಪಿದ್ದರೆ, ಮಾತು ಹಿಂದುಮುಂದಾಗಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ಬರೆಯಲು ಒಂಬತ್ತು ದಿನ ಹಿಡಿಯಿತು. ಬರೆಯಬೇಕು ಅಂದುಕೊಂಡು ಮಾತ್ರ ಇಪ್ಪತ್ತು ವರ್ಷದ ಮೇಲಾಯಿತು.

ಹೋದ ವಾರ ನನ್ನ ಹೆಂಡತಿ ಮುದ್ದೆಗೆ ಎಸರಿಟ್ಟು, ಹಿಟ್ಟು ಹಾಕಿ, ಬಾಗಿಲಿಗೆ ಬಂದ ಪಕ್ಕದ ಮನೆಯವರ ಹತ್ತಿರ ಮಾತಿಗೆ ನಿಂತುಬಿಟ್ಟಳು. ಒಳಗೆ ಹಿಟ್ಟು ಸೀದು ಹೋಯಿತು. ರಾಗಿ ಸೀದ ವಾಸನೆ ಗೊತ್ತಲ್ಲ, ಗಂಟಲಿಗೆ ಬಂದು ಅಂಟಿಕೊಳ್ಳುತ್ತದೆ. ನಾನು ಕೈಯಲ್ಲಿದ್ದ ಪೇಪರು ಬಿಟ್ಟು ಎದ್ದು ಬೀದಿಗೆ ಬಂದು ನಿಂತೆ.

"ಒಂದಿನ ಸೀದೋದ್ರೆ ಏನಂತೆ? ಅಂಗ್ಯಾಕ್ ಆಡ್ತೀರಿ?" ಅಂದಳು ಅವಳು.

ಅವಳಿಗೆ ಈ ಕತೆ ಅರ್ಧ ಗೊತ್ತು. ಉಳಿದರ್ಧ ಇಲ್ಲಿದೆ…

ನಾನು ಹೇಳಹೊರಟವರು ಶ್ರೀರಂಗಪಟ್ಟಣದವರು. ಕೋಟೆಯ ಒಳಗೆ ಒಂದು ಸಣ್ಣ ಓಣಿಯಲ್ಲಿ ಮನೆ. ಎಲ್ಲರೂ ಭಾಯಿ ಅನ್ನುತ್ತಿದ್ದರು, ನಾನೂ ಭಾಯಿ ಅನ್ನುತ್ತಿದ್ದೆ. ನಾನು ಕಂಡಾಗಲೇ ಅರವತ್ತರ ಹತ್ತಿರ ಇದ್ದರು. ಬಿಳಿ ಗಡ್ಡ, ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪು. ಅವರಿಗೆ ಇದ್ದದ್ದು ಒಂದು ಹಳೆಯ ಡೀಸೆಲ್ ಪಿಕಪ್ಪು. ಮುಂದೆ ಕ್ಯಾಬಿನ್ನು, ಹಿಂದೆ ತೆರೆದ ತೊಟ್ಟಿ. ಒಂದು ಕಾಲಕ್ಕೆ ನೀಲಿ ಬಣ್ಣದ್ದಂತೆ. ನಾನು ನೋಡುವ ಹೊತ್ತಿಗೆ ಅದು ಯಾವ ಬಣ್ಣ ಅಂತ ಹೇಳುವುದು ಕಷ್ಟವಿತ್ತು.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಕಡೆ ಗಾಡಿ ಇಟ್ಟವರೆಲ್ಲ ಎರಡು ಮೂರು ವರ್ಷಕ್ಕೆ ಇಂಜಿನ್ನು ಬಿಚ್ಚಿಸಿ, ಸವೆದ ಸಿಲಿಂಡರು ಕೊರೆಸಿ ಬೋರು ಮಾಡಿಸುತ್ತಿದ್ದರು. ಭಾಯಿಯ ಗಾಡಿಯ ಇಂಜಿನ್ನಿಗೆ ಅಲ್ಲಿಯವರೆಗೆ ಸ್ಪಾನರ್ ತಾಗಿರಲಿಲ್ಲ. ಅದರ ಕಿಲೋಮೀಟರ್ ಮೀಟರಿನಲ್ಲಿ ಅಂಕಿಗೆ ಐದೇ ಮನೆ. ತೊಂಬತ್ತೊಂಬತ್ತು ಸಾವಿರ ದಾಟಿ ತುಂಬಿದ ಮೇಲೆ ಮತ್ತೆ ಐದು ಸೊನ್ನೆಗೆ ಬರುತ್ತಿತ್ತು. ಹಾಗೆ ಒಂದು ಸುತ್ತು ಮುಗಿದಾಗೆಲ್ಲ ಭಾಯಿ ಮೀಟರಿನ ಪಕ್ಕದ ತಗಡಿಗೆ ಮೊಳೆ ಇಟ್ಟು ಸುತ್ತಿಗೆಯಲ್ಲಿ ಒಂದು ಏಟು ಕುಟ್ಟಿ ಚುಕ್ಕೆ ಮಾಡುತ್ತಿದ್ದರು. ಅಂಥ ಮೂರು ಚುಕ್ಕೆ ಇದ್ದವು. ನಾಲ್ಕನೆಯದು ಹತ್ತಿರದಲ್ಲೇ ಇತ್ತು.

"ನಾಕ್ನೇ ಚುಕ್ಕೆ ಒಡ್ದ ದಿನ ನಮ್ಮನೇಲಿ ಬಿರಿಯಾನಿ. ನಿಮ್ಮೂರೋರೆಲ್ಲ ಬರ್ಬೇಕು ಕಣ್ಲಾ. ಮುದ್ದೆ ಗಿದ್ದೆ ಕೇಳಂಗಿಲ್ಲ," ಅನ್ನುತ್ತಿದ್ದರು.

ಗಾಡಿ ಅಷ್ಟು ದಿನ ಬಾಳುವುದರಲ್ಲಿ ಗುಟ್ಟೇನೂ ಇರಲಿಲ್ಲ, ಅವರ ನಡವಳಿಕೆಯೇ ಹಾಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಒಂದು ಲೋಟ ಚಾ ಕುಡಿದು ಮುಗಿಸುವವರೆಗೂ ಗೇರು ಹಾಕುತ್ತಿರಲಿಲ್ಲ. ಊರು ತಲುಪಿದ ಮೇಲೂ ಕೂಡಲೇ ಆಫ್ ಮಾಡುತ್ತಿರಲಿಲ್ಲ, ಉಸಿರು ತಗೊಳ್ಳಲಿ ಅಂತ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಗಿಗೆ ಹಿಡಿದು, ಆಮೇಲೆ ಬದಲಾಯಿಸಬೇಕೋ ಬೇಡವೋ ಹೇಳುತ್ತಿದ್ದರು. ಏರು ಬಂದರೆ ಇಂಜಿನ್ನು ತಿಣುಕುವ ಮೊದಲೇ ಗೇರು ಇಳಿಸುತ್ತಿದ್ದರು. ಹೊರೆ ಜಾಸ್ತಿ ಹಾಕಲು ಬಂದವರನ್ನು ಬೈದು ಕಳಿಸುತ್ತಿದ್ದರು.

"ಏರ್ನಾಗೆ ನಿಮ್ಮಟ್ಟಿ ಎತ್ತು ನಿಂತ್ಕಂಡ್ರೆ ಏನ್ ಮಾಡ್ತೀರಾ? ಇಳ್ದು ಗಾಡಿಗೆ ಎಗ್ಲು ಕೊಡಲ್ವಾ? ಇದುನ್ನೂ ಅಂಗೇ ನೋಡ್ಕಬೇಕು," ಅನ್ನುತ್ತಿದ್ದರು.

ಈ ಹೆಸರಿನಿಂದಲೇ ಅವರಿಗೆ ಬಾಡಿಗೆ. ಕೆಆರ್‌ಎಸ್ ಕಡೆಯ ಮೀನುಮರಿ ಸಾಕುವ ತೊಟ್ಟಿಗಳಿಂದ ದೂರದ ಕೆರೆಗಳಿಗೆ ಮರಿ ಸಾಗಿಸಬೇಕಾದರೆ ಭಾಯಿಯನ್ನೇ ಕರೆಯುತ್ತಿದ್ದರು. ಯಾಕೆಂದರೆ ಮೀನುಮರಿಯನ್ನು ಆಗ ದೊಡ್ಡ ಡ್ರಮ್ಮುಗಳಲ್ಲಿ ನೀರು ತುಂಬಿ ಸಾಗಿಸುತ್ತಿದ್ದೆವು. ಗಾಡಿ ಕುಲುಕುತ್ತಾ ಓಡುತ್ತಿದ್ದರೆ ನೀರು ಅಲ್ಲಾಡಿ ಅದಕ್ಕೆ ಗಾಳಿ ಸೇರುತ್ತದೆ, ಮರಿ ಬದುಕುತ್ತವೆ. ಗಾಡಿ ನಿಂತರೆ ನೀರೂ ನಿಲ್ಲುತ್ತದೆ, ಮರಿಗಳು ಮೇಲೆ ಬಂದು ಬಾಯಿ ಬಿಡಲು ಶುರುಮಾಡುತ್ತವೆ. ದಾರಿಯಲ್ಲಿ ನಿಲ್ಲದ ಗಾಡಿ ಅಂದರೆ ಈ ನಾಲ್ಕು ತಾಲ್ಲೂಕಿನಲ್ಲಿ ಭಾಯಿಯ ಗಾಡಿ.

ನನ್ನ ಕಡೆಯದನ್ನೂ ಹೇಳಬೇಕು. ನಮ್ಮೂರು ನಾಗಮಂಗಲದಿಂದ ಬಿಂಡಿಗನವಿಲೆಗೆ ಹೋಗುವ ದಾರಿಯಲ್ಲಿ, ಬಿಂಡಿಗನವಿಲೆಗೆ ಇತ್ತಲಾಗೆ. ಊರ ಕೆರೆಯನ್ನು ಮೀನು ಸಾಕಲು ಪ್ರತಿ ವರ್ಷ ಹೊರಗಿನವರು ಗುತ್ತಿಗೆ ಹಿಡಿಯುತ್ತಿದ್ದರು. ಆ ವರ್ಷ ನಾವು ಹನ್ನೊಂದು ಜನ ಸೇರಿ ನಾವೇ ಹಿಡಿದೆವು. ಎಲ್ಲರನ್ನೂ ಎಬ್ಬಿಸಿದವನು ನಾನು. ಆಗ ತಾನೇ ಹೆಬ್ಬೆಟ್ಟು ಬಿಟ್ಟು ಸೈನು ಮಾಡಲು ಕಲಿತಿದ್ದೆ. ಕಾಗದಕ್ಕೆ ಸೈನು ಹಾಕಿದವನೂ ನಾನೇ. ಊರವರು ನನಗೆ ಸೈನ್ ಮೇಷ್ಟ್ರು ಅಂತ ಹೆಸರಿಟ್ಟಿದ್ದರು.

ಮೊದಲ ಸಲ, ಬಾಡಿಗೆ ಕಡಿಮೆ ಅಂತ, ಮರಿಯನ್ನು ಟ್ರಾಕ್ಟರಿನಲ್ಲಿ ತಂದೆ. ಡ್ರೈವರು ಪಾಂಡವಪುರದಲ್ಲಿ ತಿಂಡಿಗೆ ಅಂತ ನಿಲ್ಲಿಸಿದ, ನಾಗಮಂಗಲದಲ್ಲಿ ಎಲೆಅಡಿಕೆಗೆ ಅಂತ ನಿಲ್ಲಿಸಿದ. ಊರಿಗೆ ಬಂದು ಗೋಣಿಚೀಲ ಎತ್ತಿ ನೋಡಿದರೆ ಡ್ರಮ್ಮಿನ ತುಂಬ ಬೆಳ್ಳಗೆ… ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹನ್ನೊಂದು ಜನರಲ್ಲಿ ಹತ್ತು ಜನ ನನ್ನ ಮುಖ ನೋಡಿದರು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಲೇ ಸೈನ್ ಮೇಷ್ಟ್ರೇ, ಇನ್ನೊಂದ್ ಸಲ ಓಗ್ಬಾ. ಆಗ್ಲೂ ಸತ್ ಮೀನ್ ತಂದ್ರೆ ಕೆರೆ ವಾಪಸ್ ಕೊಟ್ಬುಡಾನ. ನೀನು ಮತ್ತೆ ನಮ್ ಮುಂದೆ ಬರ್ಬೇಡ," ಅಂದರು ಗುಂಪಿನ ಹಿರಿಯರು.

ತಮಾಷೆಗೆ ಅಂದ ಹಾಗೆ ಅಂದರು. ಯಾರೂ ನಗಲಿಲ್ಲ. ನಾನು ಆ ವಾರ ಊಟ ಮಾಡಿದ್ದು ನೆನಪಿಲ್ಲ. ಹೆಂಡತಿ, ಒಂದು ವರ್ಷದ ಮಗಳು. ಕೂಲಿಗೆ ಮಾಕವಳ್ಳಿ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದವನು ಅದನ್ನೂ ಬಿಟ್ಟು ಕೆರೆಯನ್ನೇ ನಂಬಿಕೊಂಡಿದ್ದೆ. ಊರಿನಲ್ಲಿ ತಲೆ ಎತ್ತಿ ನಡೆಯಲು ನನಗೆ ಇದ್ದದ್ದು ಅದೊಂದೇ ದಾರಿ ಅನ್ನಿಸಿಬಿಟ್ಟಿತ್ತು.

ಎರಡನೆಯ ಸಲಕ್ಕೆ, ಕೂಲಿಗೆ ಹೋದಾಗ ಅವರ ಗಾಡಿಗೆ ಹೊರೆ ತುಂಬಿ ಪರಿಚಯವಿದ್ದ ಭಾಯಿಯನ್ನೇ ಹುಡುಕಿಕೊಂಡು ಹೋದೆ.

ಅವತ್ತು ಬೆಳಿಗ್ಗೆ ಬಿಸಿಲು ಏರುವ ಮೊದಲೇ ಡ್ರಮ್ಮು ತುಂಬಿಸಿಕೊಂಡು ಹೊರಟೆವು. ಮೇಲೆ ಒದ್ದೆ ಗೋಣಿ ಹೊದಿಸಿದ್ದೆವು. ಭಾಯಿ ಸ್ಟೇರಿಂಗಿನಲ್ಲಿ, ನಾನು ಹಿಂದೆ ತೊಟ್ಟಿಯಲ್ಲಿ ಡ್ರಮ್ಮುಗಳ ನಡುವೆ. ಕ್ಯಾಬಿನ್ನಿನ ಹಿಂದಿನ ಕಿಟಕಿಗೆ ಗಾಜಿರಲಿಲ್ಲ, ಅದರಿಂದಲೇ ಮಾತಾಡುತ್ತಿದ್ದೆವು. ಪಾಂಡವಪುರದಲ್ಲಿ ನನ್ನ ಅಕ್ಕ ರಸ್ತೆಗೇ ಬಂದು ಕಾದಿದ್ದಳು. ಹೊಸದಾಗಿ ಬೀಸಿಸಿದ ರಾಗಿ ಹಿಟ್ಟಿನ ಒಂದು ಚೀಲವನ್ನು, ಗಾಡಿ ನಿಲ್ಲಿಸದೆ ನಿಧಾನ ಮಾಡಿದಾಗ, ಓಡಿ ಬಂದು ಮೇಲೆ ಎಸೆದಳು.

"ಅಕ್ಕ ಅಂದ್ರೆ ಅಂಗಿರ್ಬೇಕು," ಅಂದರು ಭಾಯಿ ಕಿಟಕಿಯಿಂದ. "ಮೀನಿಗೂ ಒಂದೊಂದ್ ತುತ್ತು ಆಕು."

ನಗುತ್ತಾ ಹೊರಟೆವು. ನನಗೆ ಆ ನಗು ಚೆನ್ನಾಗಿ ನೆನಪಿದೆ…

ಜಕ್ಕನಹಳ್ಳಿ ದಾಟಿ ಏರು ಹತ್ತುವಾಗ ಮುಂದಿನಿಂದ ಆವಿ ಬಂತು. ಭಾಯಿ ಪಕ್ಕಕ್ಕೆ ತೆಗೆದು ನಿಲ್ಲಿಸಿದರು. ರೇಡಿಯೇಟರಿನ ಕೆಳಗಿನ ಬೆಸುಗೆ ಬಿಟ್ಟು ನೀರು ಸೋರಿ ಹೋಗಿತ್ತು. ಗೋಣಿ ಹಿಡಿದು ಮುಚ್ಚಳ ತೆಗೆದರು. ಒಳಗೆ ಒಣಗಿದ ಹಾಗಿತ್ತು.

ಸಣ್ಣ ಸೋರಿಕೆಗೆ ಡ್ರೈವರುಗಳು ಒಂದು ಹಿಡಿ ಅರಿಶಿನದ ಪುಡಿ ಹಾಕುವುದುಂಟು. ಪುಡಿ ಹೋಗಿ ಸಂದಿಯಲ್ಲಿ ಕೂತು ನೀರು ನಿಲ್ಲುತ್ತದೆ. ಭಾಯಿ ಒಂದು ಸಲ ಹಾಗೆ ಮಾಡಿದ್ದನ್ನು ನಾನು ನೋಡಿದ್ದೆ. ಅವತ್ತು ಟೂಲ್ ಬಾಕ್ಸು ತಡಕಿದರು. ಅರಿಶಿನದ ಪೊಟ್ಟಣ ಖಾಲಿ.

"ಡ್ರಮ್ಮಿನ್ ನೀರು ಒಯ್ಯಾನ ಭಾಯಿ," ಅಂದೆ.

"ಆ ನೀರು ಮೀನಿಂದು. ಮುಟ್ಬೇಡ. ಬಿಸಿ ಇಂಜಿನ್ನಿಗೆ ಈಗ್ಲೇ ನೀರು ಒಯ್ದ್ರೆ ಅದ್ರ ಮ್ಯಾಲಿನ್ ಎಡ್ಡು ಸೀಳೋಯ್ತದೆ. ಅಗೋ ಆ ಪಂಪ್‌ಸೆಟ್ ಮನೆ ಕಾಣ್ತದಲ್ಲ, ಅಲ್ಲಿಂದ ತರ್ತೀನಿ. ನಾನ್ ಬರೋಗಂಟ ಏನೂ ಮುಟ್ಬೇಡ. ನೀನು ಮೀನಿಗೆ ಕೈಯಾಡುಸ್ತಿರು, ಅಷ್ಟೇಯ."

ಎರಡು ಕ್ಯಾನು ಹಿಡಿದು ಹೊಲದ ಬದುವಿನ ಮೇಲೆ ನಡೆದು ಹೋದರು.

ನಾನು ಡ್ರಮ್ಮಿನಿಂದ ಡ್ರಮ್ಮಿಗೆ ಕೈಯಾಡಿಸಿದೆ. ಒಂದರಲ್ಲಿ ಆಡಿಸುವಾಗ ಇನ್ನೊಂದರಲ್ಲಿ ಮರಿಗಳು ಮೇಲೆ ಬರುತ್ತಿದ್ದವು. ಚಿಕ್ಕ ಚಿಕ್ಕ ಬಾಯಿ, ಮಳೆ ಹನಿ ಬಿದ್ದ ಹಾಗೆ ನೀರಿನ ಮೇಲೆಲ್ಲ. ಕೆಳಗೆ ನೆಲಕ್ಕೆ ರೇಡಿಯೇಟರಿನ ಕೊನೆಯ ತೊಟ್ಟುಗಳು ಬೀಳುತ್ತಿದ್ದವು. ಭಾಯಿ ನೀರು ತಂದು ಹೊಯ್ದರೂ ಅದು ಸೋರಿ ಹೋಗುತ್ತದೆ, ಮತ್ತೆ ನಿಲ್ಲಬೇಕು, ಮತ್ತೆ ನೀರು ಹುಡುಕಬೇಕು ಅಂತ ಲೆಕ್ಕ ಹಾಕಿದೆ. ಊರವರ ಮುಖಗಳು ಕಣ್ಣ ಮುಂದೆ ಬಂದವು.

ನುಣ್ಣನೆಯ ಪುಡಿ ತಾನೇ ಬೇಕಾದದ್ದು, ಅಂದುಕೊಂಡೆ. ಅಕ್ಕನ ಚೀಲ ಬಿಚ್ಚಿದೆ. ಮೀನಿನ ಡ್ರಮ್ಮಿನಿಂದಲೇ ಟವೆಲಿನಲ್ಲಿ ಸೋಸಿ ಒಂದು ಚೊಂಬು ನೀರು ತೆಗೆದು, ರಾಗಿ ಹಿಟ್ಟು ಕಲಸಿ, ರೇಡಿಯೇಟರಿಗೆ ಹೊಯ್ದೆ. ಒಂದು ಹಿಡಿ ಹಾಕಿದೆ. ಇನ್ನೂ ತೊಟ್ಟಿಕ್ಕಿತು. ಇನ್ನೊಂದು. ನಾಲ್ಕು ಹಿಡಿ ಆಗುವ ಹೊತ್ತಿಗೆ ಬೆಸುಗೆಯ ಹತ್ತಿರ ಕಂದು ಬಣ್ಣದ ಅಂಟು ಕಟ್ಟಿ ತೊಟ್ಟು ನಿಂತುಹೋಯಿತು. ನನಗೆ ಆದ ಸಂತೋಷ ಹೇಳಲಾರೆ. ಬೆರಳಿಗೆ ಮೆತ್ತಿದ್ದನ್ನು ಪಂಚೆಗೆ ಒರೆಸಿಕೊಂಡು ಮೇಲೆ ಹತ್ತಿ ಕೈಯಾಡಿಸುತ್ತಾ ನಿಂತೆ.

ಭಾಯಿ ಬಂದು ಬಗ್ಗಿ ನೋಡಿದರು.

"ಅರೆ! ನಿಂತ್ಕಂಡದಲ್ಲೋ! ಏನ್ ಮಾಡ್ದೆ?"

"ಏನೂ ಇಲ್ಲ ಭಾಯಿ. ತಾನಾಗೇ ನಿಂತ್ಕತು."

ಹೇಳಿದ್ದರೆ ಅವರು ಎಲ್ಲವನ್ನೂ ಕೆಳಗೆ ಬಿಟ್ಟು ತೊಳೆಯುತ್ತಿದ್ದರು. ಅರ್ಧ ಗಂಟೆ ಹೋಗುತ್ತಿತ್ತು. ಅದಕ್ಕೇ ಹೇಳಲಿಲ್ಲ. ತಿಳಿಯದೆ ಆಡಿದ ಮಾತಲ್ಲ ಅದು. ಅರ್ಧ ಗಂಟೆಯನ್ನು ಉಳಿಸಿಕೊಳ್ಳಲು ಆಡಿದ್ದು.

ಅವರು ಕೈ ಇಟ್ಟು ನೋಡಿ, ಆರಿದೆ ಅಂತ ಖಾತ್ರಿ ಮಾಡಿಕೊಂಡು, ನೀರು ತುಂಬಿ, ಸ್ಟಾರ್ಟ್ ಮಾಡಿದರು. ನಾಗಮಂಗಲ ಬರುವವರೆಗೂ ಗಾಡಿ ಚೆನ್ನಾಗಿಯೇ ಓಡಿತು. ನಾನು ದೇವರಿಗೆಲ್ಲ ಕೈಮುಗಿದೆ. ನಾಗಮಂಗಲ ದಾಟಿದ ಮೇಲೆ ಕಿಟಕಿಯಿಂದ ಅವರ ದನಿ ಬಂತು.

"ಯಾರೋ ರಾಗಿ ಸೀಸ್ತಾವ್ರೆ ನೋಡು. ಒಲೆ ಮ್ಯಾಲೆ ಇಟ್ಟು ಎಲ್ಲೋ ಓಗವ್ರೆ."

ನಾನು ಡ್ರಮ್ಮಿಗೆ ಕೈ ಹಾಕಿ ನೀರು ಆಡಿಸುತ್ತಾ ಕೂತೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದೇ ವಾಸನೆ. ಅಲ್ಲಿ ಮನೆ ಇರಲಿಲ್ಲ. ಎರಡೂ ಕಡೆ ಹುರುಳಿ ಹೊಲ. ಭಾಯಿ ಗಾಡಿ ನಿಲ್ಲಿಸಿದರು. ಇಳಿದು, ಬಾನೆಟ್ಟು ಎತ್ತಿ, ಗೋಣಿ ಸುತ್ತಿ ಮುಚ್ಚಳ ತಿರುಗಿಸಿದರು. ಕಂದು ನೊರೆ ಉಕ್ಕಿ ಬಂದು ಅವರ ಕೈ ಮೇಲೆ ಹರಿಯಿತು. ಕೈ ಕೊಡವಿದರು. ಆ ನೊರೆಯನ್ನು ಬೆರಳಿನಲ್ಲಿ ತೆಗೆದು, ಆಯಿಲನ್ನು ನೋಡುವ ಹಾಗೆಯೇ, ಹೆಬ್ಬೆರಳಿಗೆ ಉಜ್ಜಿ ಮೂಗಿಗೆ ಹಿಡಿದರು.

"ಎಷ್ಟ್ ಆಕ್ದೆ?"

"ನಾಕ್ ಹಿಡಿ ಭಾಯಿ."

ಗೋಣಿಗೆ ಕೈ ಒರೆಸಿಕೊಂಡರು.

"ಮುದ್ದೆ ತಿರುವಕ್ಕೆ ನನ್ ಗಾಡಿನೇ ಬೇಕಾಗಿತ್ತೇನ್ಲಾ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೇನೋ.

ಅರಿಶಿನ ಬೇಯುವುದಿಲ್ಲ, ರಾಗಿ ಬೇಯುತ್ತದೆ. ಹುಟ್ಟಿದಾಗಿನಿಂದ ರಾಗಿ ತಿಂದ ನನಗೆ ಅಷ್ಟು ಹೊಳೆಯಲಿಲ್ಲ. ಬಿಸಿಗೆ ಅದು ಗಟ್ಟಿಯಾಗಿ ರೇಡಿಯೇಟರಿನ ಒಳಗೆ ನೀರು ಓಡಾಡುವ ಸಣ್ಣ ನಾಳಗಳನ್ನೆಲ್ಲ ಮುಚ್ಚಿತ್ತು. ನೀರು ತುಂಬಿದ್ದರೂ ಇಂಜಿನ್ನಿಗೆ ಮುಟ್ಟುತ್ತಿರಲಿಲ್ಲ.

ಭಾಯಿ ಸುತ್ತ ನೋಡಿದರು. ರಸ್ತೆಯ ಕೆಳಗೆ ಒಂದು ಸಣ್ಣ ಕಟ್ಟೆಯಲ್ಲಿ ನೀರು ನಿಂತಿತ್ತು. ಪಕ್ಕದ ಊರಿನದು.

"ನೋಡು, ಇನ್ ಓಡ್ಸುದ್ರೆ ಇಂಜಿನ್ ಇಡ್ಕಂಡು ನಿಂತೋಯ್ತದೆ. ಇಲ್ಲೇ ಆ ಕಟ್ಟೆಗೆ ಬುಟ್ಬುಡಾನ. ಮೀನು ಬದುಕ್ಕತವೆ. ಗಾಡಿನೂ ಬದುಕ್ಕತದೆ. ನಾಳೆ ನಿಮ್ಮೂರಿಗೆ ನಾನೇ ಬಂದು ಮಾತಾಡ್ತೀನಿ."

ಈಗ ಯೋಚಿಸಿದರೆ, ಅದಕ್ಕಿಂತ ನ್ಯಾಯದ ಮಾತು ಇರಲಿಲ್ಲ. ಎಲ್ಲವೂ ಬದುಕುತ್ತಿತ್ತು, ನನ್ನ ಮರ್ಯಾದೆ ಒಂದು ಬಿಟ್ಟು. ನಾನು ಕೆಳಗಿಳಿದು ಅವರ ಕಾಲು ಹಿಡಿದುಕೊಂಡೆ.

"ಆಗಕಿಲ್ಲ ಭಾಯಿ. ಇವೊತ್ತು ಬರೀ ಡ್ರಮ್ ತಗಂಡೋದ್ರೆ ನಾನ್ ಊರಲ್ಲಿ ಇರಕಾಗಕಿಲ್ಲ. ಈ ಕಟ್ಟೆಗೇ ಬೀಳ್ತೀನಿ ನೋಡಿ. ಇನ್ನೆಷ್ಟ್ ದೂರ? ಮೂರ್ನಾಕ್ ಮೈಲಿ. ಎಂಗಾದ್ರೂ ಓಡ್ಸಿ ಭಾಯಿ."

"ಏಳ್ಲಾ ಮ್ಯಾಕೆ. ಕಾಲು ಬುಡು," ಅಂದರು. "ಹೆಂಡ್ತಿ ಮಗಾ ಇರೋನು ಆಡೋ ಮಾತಾ ಇದು?"

ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಂತರು. ತುಟಿ ಅಲ್ಲಾಡಿತು. ಆಮೇಲೆ ಹತ್ತಿ ಕೂತರು.

ಆ ಮೂರು ನಾಲ್ಕು ಮೈಲಿ ಅವರು ಗಾಡಿ ಓಡಿಸಿದ ರೀತಿ ನಾನು ಇನ್ನೆಲ್ಲೂ ಕಂಡಿಲ್ಲ. ಇಳಿಜಾರು ಬಂದರೆ ಇಂಜಿನ್ನು ಆಫ್ ಮಾಡಿ ತಾನಾಗಿ ಉರುಳಲು ಬಿಡುತ್ತಿದ್ದರು. ಇಳಿಜಾರು ಮುಗಿಯುವ ಮೊದಲು ಗೇರಿಗೆ ಹಾಕಿ ಎಬ್ಬಿಸುತ್ತಿದ್ದರು. ಏರಿನಲ್ಲಿ ನಾನು ಇಳಿದು ಹಿಂದಿನಿಂದ ತಳ್ಳಿದೆ. ಕಿಟಕಿಯಿಂದ ಅವರ ಮಾತು ಕೇಳುತ್ತಿತ್ತು. ನನ್ನ ಹತ್ತಿರ ಅಲ್ಲ, ಗಾಡಿಯ ಹತ್ತಿರ. "ಬಸ್, ಬೇಟಾ, ಬಸ್. ಇನ್ನೊಂಚೂರು. ಬಂದೇ ಬುಡ್ತು." ಕೆರೆಯ ಏರಿ ಕಂಡಾಗ ಸೀದ ವಾಸನೆಯ ಜೊತೆಗೆ ಕಬ್ಬಿಣ ಕಾದ ವಾಸನೆಯೂ ಸೇರಿತ್ತು. ಏರಿ ಹತ್ತಿದ ಮೇಲೆ ಒಳಗಿನಿಂದ ಒಂದು ಶಬ್ದ ಬಂತು. ಒಣ ತೆಂಗಿನ ಚಿಪ್ಪನ್ನು ಕಲ್ಲಿಗೆ ಒಡೆದ ಹಾಗೆ. ಗಾಡಿ ನಿಂತಿತು. ಅಲ್ಲಿಂದ ನೀರು ಹತ್ತು ಮಾರು ದೂರ ಇತ್ತು.

ಹತ್ತು ಜನವೂ ಅಲ್ಲಿ ಕಾಯುತ್ತಿದ್ದರು. ಡ್ರಮ್ಮು ಇಳಿಸಿದೆವು, ಬಗ್ಗಿಸಿದೆವು. ಸತ್ತವು ಬೊಗಸೆಯಷ್ಟು. ಉಳಿದವೆಲ್ಲ ಹೊಗೆ ಹರಡಿದ ಹಾಗೆ ನೀರಿನೊಳಗೆ ಹರಡಿ ಹೋದವು. ಶಿಳ್ಳೆ ಹಾಕಿದರು. ನನ್ನನ್ನು ಎತ್ತಿಕೊಂಡರು. ಎತ್ತಿಕೊಂಡಾಗ ಎಲ್ಲರ ತಲೆಯ ಮೇಲಿನಿಂದ ನನಗೆ ಭಾಯಿ ಕಂಡರು. ಬಾಗಿಲು ತೆರೆದು ಕಾಲು ಕೆಳಗೆ ಬಿಟ್ಟುಕೊಂಡು ಸೀಟಿನಲ್ಲಿ ಕೂತಿದ್ದರು. ಮೀಟರನ್ನು ನೋಡುತ್ತಿದ್ದರು.

"ಏನಾಯ್ತು ಭಾಯಿ ಗಾಡಿಗೆ?" ಅಂತ ಹಿರಿಯರು ಕೇಳಿದರು.

"ವಯಸ್ಸಾಗಿತ್ತು ಗೌಡ್ರೇ," ಅಂದರು ಭಾಯಿ.

ಟ್ರಾಕ್ಟರಿಗೆ ಕಟ್ಟಿ ಗಾಡಿಯನ್ನು ಕೆ.ಆರ್. ಪೇಟೆಗೆ ಎಳೆದುಕೊಂಡು ಹೋದೆವು. ಅಲ್ಲೊಬ್ಬರು ಮೇಸ್ತ್ರಿ ಇದ್ದರು, ಇಂಜಿನ್ ಕೆಲಸಕ್ಕೆ ಹೆಸರಾದವರು, ಭಾಯಿಗೆ ಹಳೆಯ ಸ್ನೇಹ. ಹತ್ತಿರ ಹತ್ತಿರ ನಾಲ್ಕು ಲಕ್ಷ ಕಿಲೋಮೀಟರು ಓಡಿದ ಇಂಜಿನ್ನನ್ನು ಮೊದಲ ಸಲ ಬಿಚ್ಚುತ್ತಾರೆ ಅಂತ ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಬಂದು ನಿಂತರು. ಇಂಜಿನ್ನಿನ ಮೇಲಿನ ಹೆಡ್ಡು ಸೀಳಿತ್ತು. ಪಿಸ್ಟನ್ನು ಕಚ್ಚಿಕೊಂಡಿತ್ತು. ನೀರಿನ ದಾರಿಯಲ್ಲೆಲ್ಲ ಕಂದು ಬಣ್ಣದ ಹಕ್ಕಳೆ.

"ಇದೇನ್ ಭಾಯಿ ಇದು?" ಅಂದರು ಮೇಸ್ತ್ರಿ.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಭಾಯಿ ನನ್ನ ಕಡೆ ನೋಡಿದರು. ಒಂದು ಸಲ ಉಸಿರೆಳೆದುಕೊಳ್ಳುವಷ್ಟು ಹೊತ್ತು ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಮೇಸ್ತ್ರಿಯನ್ನು ಒಂದು ಕಡೆಗೆ ಕರೆದುಕೊಂಡು ಹೋಗಿ ಏನೋ ಹೇಳಿದರು. ಮೇಸ್ತ್ರಿ ತಿರುಗಿ ಬಂದು ಎಲ್ಲರಿಗೂ ಕೇಳುವ ಹಾಗೆ, "ಕೆಸರು ನೀರು ಒಯ್ಕಂಡವ್ರೆ," ಅಂದರು.

ಆ ಒಂದು ಮಾತು ನಾಲ್ಕೂ ತಾಲ್ಲೂಕಿಗೆ ಹರಡಿತು. ಭಾಯಿಗೆ ಕಣ್ಣು ಮಂಜಾಗಿದೆಯಂತೆ, ಕೆಸರೋ ತಿಳಿನೀರೋ ಗೊತ್ತಾಗದೆ ರೇಡಿಯೇಟರಿಗೆ ಹೊಯ್ದು ಇಂಜಿನ್ನು ಸುಟ್ಟುಕೊಂಡರಂತೆ ಅಂತ. ಮೀನುಮರಿಯ ಬಾಡಿಗೆ ಬೇರೆಯವರಿಗೆ ಹೋಯಿತು. ಅವರು ಎಲ್ಲಿಂದಲೋ ಹಳೆಯ ಇಂಜಿನ್ನೊಂದನ್ನು ತಂದು ಕೂರಿಸಿದರು. ಅದು ಹೊಗೆ ಉಗುಳುತ್ತಿತ್ತು. ಆ ಗಾಡಿಯಲ್ಲಿ ಇಟ್ಟಿಗೆ, ಕೊಬ್ಬರಿ ಚಿಪ್ಪು, ಮನೆ ಖಾಲಿ ಮಾಡುವವರ ಸಾಮಾನು ಹೊಡೆಯುವುದನ್ನು ನಾನು ದೂರದಿಂದ ನೋಡಿದ್ದೇನೆ. ಹತ್ತಿರ ಹೋಗುತ್ತಿರಲಿಲ್ಲ. ಮೀಟರಿನ ಕೇಬಲ್ಲನ್ನು ಮಾತ್ರ ಅವರೇ ಕಿತ್ತುಹಾಕಿದ್ದರಂತೆ. ಆಮೇಲೆ ಕೂರಿಸಿದ ಇಂಜಿನ್ನು ಓಡಿದ ದೂರವನ್ನು ಮೊದಲಿನದರ ಲೆಕ್ಕಕ್ಕೆ ಸೇರಿಸಲು ಅವರಿಗೆ ಮನಸ್ಸಿರಲಿಲ್ಲ.

ನಮ್ಮ ಕೆರೆಯಲ್ಲಿ ಮೀನು ಚೆನ್ನಾಗಿ ಬಂತು. ನಾನು ತಲೆ ಎತ್ತಿ ನಡೆದೆ. ಮೊದಲ ಬಲೆಯಲ್ಲಿ ಸಿಕ್ಕಿದ ದೊಡ್ಡ ಕಾಟ್ಲಾ ಮೀನನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದೆ. ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ, ಮೊದಲು ಅವರ ಮುಂದೆಯೇ ಒಪ್ಪಿಕೊಳ್ಳುತ್ತೇನೆ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಭಾಯಿ ಮೀನನ್ನು ಎರಡೂ ಕೈಯಲ್ಲಿ ಹಿಡಿದು, "ನೋಡಿಲ್ಲಿ, ನಮ್ ಗಾಡಿ ಮೀನು ಬಂತು!" ಅಂತ ಒಳಗೆ ಕೂಗಿದರು. ಅವರ ಹೆಂಡತಿ ಬಂದು ಮೀನು ಕಂಡು ಸಂತೋಷಪಟ್ಟು, ಭಾಯಿ ಹೇಳಿದ ಮೇಲೆ ಚಾ ಮಾಡಲು ಒಳಗೆ ಹೋದರು. ನಾವಿಬ್ಬರೇ ಕೂತೆವು.

"ಮತ್ತೇನ್ ಸಮಾಚಾರ?" ಅಂದರು.

ನಾನು ಕೆರೆಯ ನೀರು ಎಷ್ಟಿದೆ ಅಂತ ಹೇಳಿದೆ.

"ಊಂ. ಮತ್ತೇನ್ ಸಮಾಚಾರ?" ಅಂತ ಇನ್ನೊಂದು ಸಲ ಕೇಳಿದರು.

ಮಗಳು ಮಾತು ಕಲಿತಳು ಅಂತ ಹೇಳಿದೆ. ಚಾ ಬಂತು. ಕುಡಿದೆ. ಬಂದುಬಿಟ್ಟೆ.

ಅವರು ತೀರಿಕೊಂಡದ್ದು ಆ ದಶಕ ಮುಗಿಯುವ ಹೊತ್ತಿಗೆ. ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ, ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುವಾಗ. ಕಿಟಕಿಯ ಸರಳು ಹಿಡಿದುಕೊಂಡು ಇಳಿಯಬೇಕಾದ ಊರು ದಾಟಿ ಹೋದೆ.

ಆಮೇಲೆ ನನಗೆ ಇರಲಾಗಲಿಲ್ಲ. ಇನ್ನು ಯಾರಿಗೆ ಹೇಳಲಿ ಅಂತ ಕೆ.ಆರ್. ಪೇಟೆಗೆ, ಮೇಸ್ತ್ರಿಯ ಹತ್ತಿರ ಹೋದೆ. ಅವರು ಕೆಲಸ ಮಾಡುತ್ತಲೇ ಇದ್ದರು. ನಿಂತುಕೊಂಡೇ ಹೇಳಿದೆ. ಕೆಸರು ನೀರಲ್ಲ ಮೇಸ್ತ್ರಿ, ರಾಗಿ ಹಿಟ್ಟು, ಹಾಕಿದವನು ನಾನು, ಅಂದೆ.

ಅವರು ಸ್ಪಾನರು ಕೆಳಗಿಟ್ಟರು.

"ರಾಗಿ ಸೀದಿದ್ ವಾಸ್ನೆ ಗೊತ್ತಾಗ್ದಿದ್ರೆ ನಾನು ಈ ಸೀಮೆಯೋನೇನಯ್ಯಾ? ಅವತ್ತೇ ಗೊತ್ತಾಯ್ತು."

"ಮತ್ತೆ ಕೆಸರು ಅಂತ ಯಾಕಂದ್ರಿ?"

"ಭಾಯಿ ಕೈ ಇಡ್ಕಂಡು ಕೇಳ್ಕಂಡ್ರು. 'ಈಗ ಏಳುದ್ರೆ ಅವ್ನ್ ಊರೋರು ಅವ್ನ್ ಮುಖಕ್ಕೆ ಉಗೀತಾರೆ. ಕೆರೇಲಿ ಮೀನ್ ಬರ್ಲಿ. ಆಮೇಕೆ ಅವ್ನೇ ಬಂದು ನಿಂಗೇಳ್ತಾನೆ. ಅಲ್ಲೀಗಂಟ ಇಂಗೇ ಇರ್ಲಿ' ಅಂದ್ರು."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಇನ್ನೊಂದು ಮಾತು ಹೇಳಿದರು.

"ಆಯಿಲ್ ಬದ್ಲಾಯ್ಸಕ್ ಬಂದಾಗೆಲ್ಲ ಕೇಳೋರು ಕಣಯ್ಯಾ. 'ಬಂದಿದ್ನಾ?' ಅಂತ. ಇಲ್ಲ ಅಂದ್ರೆ, 'ಬತ್ತಾನೆ ಬುಡು' ಅನ್ನೋರು. ನಾಕ್ ವರ್ಷ ಕೇಳುದ್ರು."

ನಾಲ್ಕು ವರ್ಷ… ನಮ್ಮೂರಿಂದ ಕೆ.ಆರ್. ಪೇಟೆಗೆ ದಿನಕ್ಕೆ ಎಷ್ಟೊಂದು ಬಸ್ಸು.

ಗಾಡಿಯನ್ನು ಅವರ ಮನೆಯವರು ಗುಜರಿಗೆ ಕೊಡುವಾಗ ಮೇಸ್ತ್ರಿ ಮೀಟರು ಇರುವ ತಗಡನ್ನು ಬಿಚ್ಚಿ ಇಟ್ಟುಕೊಂಡಿದ್ದರು. ಅದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಇದು ನಿಂದೇಯ, ತಗಂಡೋಗು," ಅಂದರು. ಬೈದು ಕೊಟ್ಟರೋ, ಕನಿಕರಪಟ್ಟು ಕೊಟ್ಟರೋ ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಅಲ್ಲಿಂದ ಊರಿಗೆ ಬಂದು ಗುಂಪಿನ ಹಿರಿಯರಿಗೆ ಹೇಳಿದೆ. ಉಳಿದವರಿಗೂ ಹೇಳಿದೆ. ಅವರು "ಓಗ್ಲಿ ಬುಡ್ಲಾ, ಅಳೇ ಕತೆ" ಅಂದರು. ಮರಿ ಸಾಕುವ ತೊಟ್ಟಿಗಳವರ ಹತ್ತಿರ ಹೋದೆ. ಅಲ್ಲಿ ಭಾಯಿಯನ್ನು ಬಲ್ಲವರು ಯಾರೂ ಉಳಿದಿರಲಿಲ್ಲ. ಯಾರ ಹೆಸರು ಸರಿಮಾಡಬೇಕಿತ್ತೋ ಅವರು ಇರಲಿಲ್ಲ, ಯಾರು ಕೇಳಬೇಕಿತ್ತೋ ಅವರೂ ಇರಲಿಲ್ಲ. ಅದಕ್ಕೇ ಈಗ ನಿಮಗೆ ಹೇಳುತ್ತಿದ್ದೇನೆ. ಶ್ರೀರಂಗಪಟ್ಟಣದ ಆ ಭಾಯಿಯ ಕಣ್ಣು ಕೊನೆಯವರೆಗೂ ಚೆನ್ನಾಗಿತ್ತು. ಅವರು ರೇಡಿಯೇಟರಿಗೆ ಕೆಸರು ನೀರು ಹೊಯ್ದಿರಲಿಲ್ಲ.

ಅವತ್ತು ಸೀದ ಪಾತ್ರೆಯನ್ನು ಹೆಂಡತಿ ಮೂರು ದಿನ ನೆನೆಹಾಕಿ ಉಜ್ಜಿದಳು. ತಳದಲ್ಲಿ ಒಂದು ಕಂದು ಕಲೆ ಹೋಗಲೇ ಇಲ್ಲ. ನಾನು ಒಳಗೆ ಹೋಗಿ ಬೀರುವಿನ ಮೇಲಿದ್ದ ತಗಡನ್ನು ಇಳಿಸಿ ಒರೆಸಿದೆ. ಮೀಟರು ತೊಂಬತ್ತೆಂಟು ಸಾವಿರದ ಏಳುನೂರ ಹನ್ನೆರಡಕ್ಕೆ ನಿಂತಿದೆ. ಪಕ್ಕದಲ್ಲಿ ಮೂರು ಚುಕ್ಕೆ, ಒಂದರಿಂದ ಒಂದಕ್ಕೆ ಒಂದು ಬೆರಳಿನಷ್ಟು ದೂರ. ಮೂರನೆಯದಾದ ಮೇಲೆ ಇನ್ನೊಂದಕ್ಕೆ ಜಾಗ ಬಿಟ್ಟಿದ್ದಾರೆ. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದು ಇನ್ನೂ ಕಾಣುತ್ತದೆ… ಮೊಳೆ ಇಡಲು.

ಓದಿದವರಲ್ಲಿ ಯಾರಿಗಾದರೂ ಹೀಗೆ ಹೊತ್ತು ಮೀರಿದ್ದರೆ ನಿಮ್ಮದನ್ನೂ ಬರೆಯಿರಿ, ಎಷ್ಟು ನಿಧಾನವಾದರೂ ನಾನು ಕೂತು ಓದುತ್ತೇನೆ. ಆದರೆ ನೀವು ಹೇಳಬೇಕಾದವರು ಇನ್ನೂ ಇದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ. ಇವತ್ತಿನ ಬಸ್ಸಿಗೇ ಹೊರಡಿ. ಅಲ್ಲಿ ಯಾರೋ ನಿಮ್ಮ ಬಗ್ಗೆ "ಬಂದಿದ್ನಾ?" ಅಂತ ಕೇಳುತ್ತಿರಬಹುದು.